ಡಿಪ್ರೆಶನ್ ಮಾತ್ರೆ ನಡೆಯುತ್ತಿರುವಾಗ ಕುಡಿಯಬಹುದೇ? ಸ್ಟ್ರಿಪ್ ತಿರುಗಿಸಿ ನೋಡುವುದರಿಂದ ಶುರುಮಾಡಿ

"ಇವತ್ತು ರಾತ್ರಿಯ ಮಾತ್ರೆ ಬಿಟ್ಟರೆ ನಾಳೆ ಹೊಸತೊಡಕಿಗೆ ಎರಡು ಪೆಗ್ ಹಾಕಬಹುದಾ?" "ಬಿಯರ್ ಆದರೆ ಪರವಾಗಿಲ್ಲ ತಾನೆ?" "ಮಾತ್ರೆ ಬೆಳಿಗ್ಗೆ, ಎಣ್ಣೆ ರಾತ್ರಿ. ನಡುವೆ ಹನ್ನೆರಡು ಗಂಟೆ ಇದೆಯಲ್ಲ, ಸಾಕಾಗಲ್ವಾ?" ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ವೈದ್ಯರ ಎದುರು ಕೇಳಲು ಸಂಕೋಚ. ಸ್ನೇಹಿತರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ನೇರ ಉತ್ತರ ಮೊದಲೇ ಹೇಳಿಬಿಡೋಣ. ಮಾತ್ರೆ ನಡೆಯುತ್ತಿರುವಷ್ಟು ದಿನ ಕುಡಿಯದೇ ಇರುವುದೇ ಸರಿ. ಆದರೆ "ಕುಡಿಯಬೇಡಿ" ಎಂದಷ್ಟೇ ಹೇಳಿದರೆ ಬಹಳ ಜನ ಬಿಡುವುದು ಕುಡಿತವನ್ನಲ್ಲ, ಮಾತ್ರೆಯನ್ನು. ಅದು ಇನ್ನೂ ಕೆಟ್ಟದ್ದು. ಆದ್ದರಿಂದ ಮುಂದಿನದನ್ನು ಓದುವ ಮುಂಚೆ ಎರಡು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು, ಕುಡಿಯುವ ಸಲುವಾಗಿ ಮಾತ್ರೆ ಬಿಡಬೇಡಿ. ಎರಡು, ದಿನವೂ ಕುಡಿಯುವ ಅಭ್ಯಾಸವಿದ್ದರೆ ಈ ಲೇಖನ ಓದಿದ ಹುಮ್ಮಸ್ಸಿನಲ್ಲಿ ಏಕಾಏಕಿ ನಿಲ್ಲಿಸಬೇಡಿ. ಮೊದಲು 5ನೇ ಹಂತ ಓದಿ.

ಬೇಕಾಗುವುದು ಇಷ್ಟು: ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ವೈದ್ಯರು ಬರೆದುಕೊಟ್ಟ ಚೀಟಿ, ಒಂದು ಪುಟ್ಟ ನೋಟ್‌ಬುಕ್, ಕೆಮ್ಮಿನ ಔಷಧದ ಬಾಟಲಿ ಜೊತೆ ಬರುವ ಅಳತೆಯ ಮುಚ್ಚಳ.

ಹಂತ 1: ನಿಮ್ಮ ಮಾತ್ರೆ ಯಾವುದು, ಗುರುತಿಸಿ

"ಡಿಪ್ರೆಶನ್ ಮಾತ್ರೆ" ಎನ್ನುವುದು ಒಂದೇ ಔಷಧವಲ್ಲ. ಒಂದು ಸ್ವಲ್ಪ ಮಂಪರು ತರುತ್ತದೆ, ಇನ್ನೊಂದು ಕುಡಿತದ ಜೊತೆ ಸೇರಿದರೆ ಉಸಿರಾಟವನ್ನೇ ನಿಧಾನಗೊಳಿಸುತ್ತದೆ. ಹಾಗಾಗಿ ಕಂಪನಿ ಇಟ್ಟ ಹೆಸರು ಬಿಡಿ. ಸ್ಟ್ರಿಪ್ ಹಿಂದೆ ಮುಂದೆ ತಿರುಗಿಸಿ ಔಷಧದ ಮೂಲ ಹೆಸರು, ಅಂದರೆ ಒಳಗಿರುವ ರಾಸಾಯನಿಕದ ಹೆಸರು ಏನಿದೆ ನೋಡಿ. ಅದನ್ನೂ ಮಿಲಿಗ್ರಾಂ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಓದಲು ಆಗದಿದ್ದರೆ ಮೆಡಿಕಲ್ ಶಾಪಿನವರು ಹೇಳುತ್ತಾರೆ.

ಎಸ್ಸಿಟಲೋಪ್ರಾಂ, ಸರ್ಟ್ರಲೀನ್, ಫ್ಲೂಆಕ್ಸೆಟೀನ್, ಪ್ಯಾರಾಕ್ಸೆಟೀನ್: ಇವು ಎಸ್‌ಎಸ್‌ಆರ್‌ಐ ಗುಂಪಿನವು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ಮಾತ್ರೆಗಳು ಎಂದು ತಿಳಿದರೆ ಸಾಕು. ಇಂದು ಹೆಚ್ಚಿನವರಿಗೆ ಮೊದಲು ಬರೆದುಕೊಡುವುದು ಇವನ್ನೇ. ಆರೋಗ್ಯವಂತರ ಮೇಲೆ ನಡೆದ ಪರೀಕ್ಷೆಗಳಲ್ಲಿ ಇವು ಮದ್ಯದ ಅಮಲನ್ನು ಬಹಳ ಏರಿಸಲಿಲ್ಲ. ಹಾಗಿದ್ದೂ ತಯಾರಕರೇ ಜೊತೆಯಲ್ಲಿ ಮದ್ಯ ಬೇಡ ಎನ್ನುತ್ತಾರೆ, ಏಕೆಂದರೆ ಖಿನ್ನತೆ ಇರುವವರ ದೇಹ ಮನಸ್ಸು ಆ ಪರೀಕ್ಷೆಯವರಂತೆ ಇರುವುದಿಲ್ಲ. ಕೆಲವರಿಗೆ ಮೊದಲು ಏನೂ ಆಗದಿದ್ದ ಅಳತೆಗೇ ತಲೆ ತಿರುಗುತ್ತದೆ, ರಾತ್ರಿ ಮಾಡಿದ್ದು ಬೆಳಿಗ್ಗೆ ನೆನಪಿರುವುದಿಲ್ಲ. ಇನ್ನೊಂದು ತೊಂದರೆ ಹೊಟ್ಟೆಯದು. ಈ ಗುಂಪಿನ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ನಿಧಾನವಾಗುತ್ತದೆ, ಮದ್ಯ ಜಠರದ ಒಳಪದರವನ್ನು ಕೆರಳಿಸುತ್ತದೆ. ಮರುದಿನದ ತಲೆನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಥವಾ ಆಸ್ಪಿರಿನ್ ನುಂಗಿದರೆ ಮೂರೂ ಸೇರಿ ಜಠರದಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಏರುತ್ತದೆ.

ವೆನ್ಲಾಫಾಕ್ಸಿನ್, ಡೆಸ್‌ವೆನ್ಲಾಫಾಕ್ಸಿನ್, ಡುಲಾಕ್ಸೆಟೀನ್ ಪಕ್ಕದ ಗುಂಪಿನವು. ಇವುಗಳಲ್ಲಿ ಡುಲಾಕ್ಸೆಟೀನ್ ಬಗ್ಗೆ ವಿಶೇಷ ಎಚ್ಚರ ಬೇಕು: ಹೆಚ್ಚು ಕುಡಿಯುವವರಲ್ಲಿ ಅದು ಲಿವರಿಗೆ ಪೆಟ್ಟು ಕೊಡಬಲ್ಲದು. ಸಕ್ಕರೆ ಕಾಯಿಲೆಯವರ ಕಾಲುರಿಗೂ ಇದನ್ನೇ ಕೊಡುವುದರಿಂದ, ತಾವು ತೆಗೆದುಕೊಳ್ಳುತ್ತಿರುವುದು ಖಿನ್ನತೆಯ ಔಷಧವೂ ಹೌದೆಂದು ಎಷ್ಟೋ ಜನರಿಗೆ ತಿಳಿದೇ ಇರುವುದಿಲ್ಲ. ಮೈಗ್ರೇನ್‌ಗೂ ನರನೋವಿಗೂ ಬರೆದುಕೊಡುವ 10 ಮಿಲಿಗ್ರಾಂ ಅಮಿಟ್ರಿಪ್ಟಿಲೀನ್ ಕೂಡ ಹಾಗೆಯೇ.

ಅಮಿಟ್ರಿಪ್ಟಿಲೀನ್, ಇಮಿಪ್ರಮೀನ್, ನಾರ್ಟ್ರಿಪ್ಟಿಲೀನ್, ಡೊಸುಲೆಪಿನ್ ಹಳೆಯ ಗುಂಪು. ಮಿರ್ಟಾಜಪೀನ್ ಮತ್ತು ಟ್ರಾಜೊಡೋನ್ ಬೇರೆ ಬಗೆಯವು, ಆದರೆ ನಿದ್ದೆ ತರಿಸುವುದರಲ್ಲಿ ಹಳೆಯ ಗುಂಪಿನ ಜೊತೆಗಾರರು. ಇವುಗಳ ಮಂಪರಿಗೆ ಮದ್ಯದ ಮಂಪರು ಸೇರಿದರೆ ಎರಡು ಪೆಗ್‌ಗೆ ನಾಲ್ಕರ ಅಮಲು ಏರಬಹುದು. ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟ ಮುರಿದುಕೊಳ್ಳುವುದು, ಗಾಡಿ ಓಡಿಸುವಾಗ ಕಣ್ಣು ಮುಚ್ಚುವುದು ಈ ಗುಂಪಿನಲ್ಲಿ ಹೆಚ್ಚು. ಹಳೆಯ ಗುಂಪಿನವು ಹೃದಯದ ಬಡಿತದ ಲಯವನ್ನೂ ಕೆಡಿಸಬಲ್ಲವು.

ಬುಪ್ರೊಪಿಯಾನ್ ಸಿಗರೇಟು ಬಿಡಿಸಲಿಕ್ಕೂ ಬಳಕೆಯಲ್ಲಿದೆ. ಇದರ ಅಪಾಯ ಮಂಪರಲ್ಲ, ಫಿಟ್ಸ್. ಮಿತಿಮೀರಿ ಕುಡಿದರೂ ಬರಬಹುದು. ರೂಢಿ ಇದ್ದವರು ಥಟ್ಟನೆ ಕುಡಿತ ನಿಲ್ಲಿಸಿದರೂ ಬರಬಹುದು.

ಈಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ. ನಮ್ಮಲ್ಲಿ ಎರಡು ಔಷಧ ಸೇರಿಸಿದ ಒಂದೇ ಮಾತ್ರೆ ಬಹಳ ಚಾಲ್ತಿಯಲ್ಲಿದೆ. ಎಸ್ಸಿಟಲೋಪ್ರಾಂ ಜೊತೆ ಕ್ಲೊನಜಪಾಂ, ಅಮಿಟ್ರಿಪ್ಟಿಲೀನ್ ಜೊತೆ ಕ್ಲೋರ್‌ಡಯಜೆಪಾಕ್ಸೈಡ್. ಹೆಸರಿನ ಕೊನೆಗೆ "ಪ್ಲಸ್" ಎಂದೋ ಇನ್ಯಾವುದೋ ಬಾಲವೋ ಇರುತ್ತದೆ, ರೋಗಿಗೆ ಅದರ ಅರ್ಥ ಯಾರೂ ಹೇಳಿರುವುದಿಲ್ಲ. ಕ್ಲೊನಜಪಾಂ, ಕ್ಲೋರ್‌ಡಯಜೆಪಾಕ್ಸೈಡ್, ಲೊರಜಪಾಂ, ಆಲ್ಪ್ರಜೋಲಾಂ, ಜೊಲ್ಪಿಡೆಮ್ ಇವು ಆತಂಕ ತಗ್ಗಿಸುವ, ನಿದ್ದೆ ಬರಿಸುವ ಔಷಧಗಳು. ಮದ್ಯ ಮಿದುಳಿನ ಯಾವ ಗುಂಡಿ ಒತ್ತುತ್ತದೋ ಇವೂ ಹೆಚ್ಚುಕಡಿಮೆ ಅದನ್ನೇ ಒತ್ತುತ್ತವೆ. ಎರಡೂ ಸೇರಿದರೆ ಎಚ್ಚರ ತಪ್ಪಬಹುದು, ಉಸಿರು ನಿಧಾನವಾಗಬಹುದು, ವಾಂತಿ ಶ್ವಾಸನಾಳಕ್ಕೆ ಹೋಗಬಹುದು. ನಿಮ್ಮ ಸ್ಟ್ರಿಪ್ ಮೇಲೆ ಇವುಗಳಲ್ಲಿ ಒಂದರ ಹೆಸರಿದ್ದರೂ "ಒಂದೇ ಒಂದು ಪೆಗ್" ಎಂಬ ಚರ್ಚೆ ಅಲ್ಲಿಗೆ ಮುಗಿಯಿತು.

ಜೊತೆಗೆ ಬೇರೆ ಮಾತ್ರೆಗಳಿವೆಯೇ ನೋಡಿ. ಕ್ವೆಟಿಯಾಪಿನ್, ಓಲಂಜಪೀನ್ ಮಂಪರು ಹೆಚ್ಚಿಸುತ್ತವೆ. ಲಿಥಿಯಂ ಇದ್ದರೆ ಕುಡಿದು, ವಾಂತಿಯಾಗಿ ದೇಹದ ನೀರು ಕಡಿಮೆಯಾದಾಗ ರಕ್ತದಲ್ಲಿ ಅದರ ಮಟ್ಟ ವಿಷವಾಗುವಷ್ಟು ಏರಬಹುದು. ಶೀಘ್ರಸ್ಖಲನಕ್ಕೆಂದು ಹಲವರು ಗುಟ್ಟಾಗಿ ತೆಗೆದುಕೊಳ್ಳುವ ಡಪಾಕ್ಸೆಟೀನ್ ಕೂಡ ಎಸ್‌ಎಸ್‌ಆರ್‌ಐ ಗುಂಪಿನದೇ. ಮದ್ಯದ ಜೊತೆ ಅದು ತಲೆ ಸುತ್ತಿಸಿ ಬೀಳಿಸುತ್ತದೆ. ಈಗಾಗಲೇ ಖಿನ್ನತೆಯ ಮಾತ್ರೆ ಇರುವವರು ಅದನ್ನು ಮುಟ್ಟಲೇಬಾರದು.

ಹಂತ 2: ನಿಜವಾಗಿ ಎಷ್ಟು ಕುಡಿಯುತ್ತೀರಿ, ಅಳೆಯಿರಿ

"ಸ್ವಲ್ಪ", "ಯಾವಾಗಲಾದರೂ ಒಮ್ಮೆ" ಎಂಬ ಮಾತುಗಳಿಂದ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. ನಮ್ಮ ದೇಶದಲ್ಲಿ ಒಂದು ಯೂನಿಟ್ ಎಂದರೆ 10 ಗ್ರಾಂ ಶುದ್ಧ ಮದ್ಯಸಾರ. ಲೆಕ್ಕ ಸುಲಭ: ಮಿಲಿಲೀಟರನ್ನು ಲೇಬಲ್ ಮೇಲಿನ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿ. ಗ್ರಾಂ ಸಿಗುತ್ತದೆ.

ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ 42.8 ಎಂದಿರುತ್ತದೆ. ಅದರಂತೆ:

- 30 ಮಿ.ಲೀ. ಸಣ್ಣ ಪೆಗ್: ಸುಮಾರು 10 ಗ್ರಾಂ, 1 ಯೂನಿಟ್
- 90 ಮಿ.ಲೀ. ಪ್ಯಾಕೆಟ್, ಅಂದರೆ ನೈಂಟಿ: 3 ಯೂನಿಟ್
- 180 ಮಿ.ಲೀ. ಕ್ವಾರ್ಟರ್: 6 ಯೂನಿಟ್
- 650 ಮಿ.ಲೀ. ಸ್ಟ್ರಾಂಗ್ ಬಿಯರ್, ಶೇ 8: 4 ಯೂನಿಟ್‌ಗೂ ತುಸು ಹೆಚ್ಚು
- 650 ಮಿ.ಲೀ. ಮೈಲ್ಡ್ ಬಿಯರ್, ಶೇ 5: ಎರಡೂವರೆ ಯೂನಿಟ್
- 150 ಮಿ.ಲೀ. ವೈನ್, ಶೇ 12: ಸುಮಾರು ಒಂದೂವರೆ ಯೂನಿಟ್

"ಬರೀ ಬಿಯರ್" ಎನ್ನುವವರು ನಾಲ್ಕನೇ ಸಾಲನ್ನು ಇನ್ನೊಮ್ಮೆ ಓದಲಿ. ಒಂದು ಸ್ಟ್ರಾಂಗ್ ಬಾಟಲಿ ನಾಲ್ಕು ಸಣ್ಣ ಪೆಗ್‌ಗೆ ಸಮ. ಕಳ್ಳು, ಮನೆಯಲ್ಲೇ ಮಾಡಿದ ವೈನ್, ಕದ್ದು ಕಾಯಿಸಿದ ಭಟ್ಟಿಯ ಸಾರಾಯಿ ಇವುಗಳ ಮೇಲೆ ಲೇಬಲ್ ಇರುವುದಿಲ್ಲ, ಬಲ ಎಷ್ಟೆಂದು ತಿಳಿಯುವುದಿಲ್ಲ. ಹಾಗಾಗಿ ಅವಕ್ಕೆ ಈ ಲೆಕ್ಕ ನಡೆಯದು.

ಮನೆಯಲ್ಲಿ ಲೋಟಕ್ಕೆ ಕಣ್ಣಂದಾಜಿನಲ್ಲಿ ಸುರಿದುಕೊಳ್ಳುವವರು ಒಮ್ಮೆ ಅಷ್ಟೇ ನೀರನ್ನು ಲೋಟಕ್ಕೆ ಸುರಿದು, ಔಷಧದ ಮುಚ್ಚಳದಿಂದ ಅಳೆದು ನೋಡಿ. ತಾವು ಒಂದು ಪೆಗ್ ಎಂದುಕೊಂಡದ್ದು 75, 80 ಮಿ.ಲೀ. ಇರುವುದು ಸಾಮಾನ್ಯ. ಎರಡು ವಾರ ದಿನಾಂಕ, ಹೊತ್ತು, ಏನು, ಎಷ್ಟು ಮಿ.ಲೀ., ಮರುದಿನ ಬೆಳಿಗ್ಗೆ ಮನಸ್ಸು ಹೇಗಿತ್ತು ಎಂದು ಬರೆಯಿರಿ. ಕೊನೆಯ ಕಾಲಂ ಬಿಡಬೇಡಿ. ಕುಡಿದ ಮರುದಿನ, ಅದರ ಮರುದಿನ ಮಂಕು ಹೆಚ್ಚಾಗುವುದು ನಿಮ್ಮದೇ ಅಕ್ಷರದಲ್ಲಿ ಕಾಣಿಸಿದಾಗ ಬೇರೆಯವರ ಉಪದೇಶ ಬೇಕಾಗುವುದಿಲ್ಲ.

ಕೆಮ್ಮಿನ ಸಿರಪ್, ದಶಮೂಲಾರಿಷ್ಟ, ದ್ರಾಕ್ಷಾರಿಷ್ಟದ ಬಗ್ಗೆಯೂ ಕೇಳುತ್ತಾರೆ. ಅರಿಷ್ಟಗಳ ಲೇಬಲ್ ಮೇಲೆ ಶೇ 5ರಿಂದ 10ರಷ್ಟು ತಾನಾಗಿ ಹುಟ್ಟಿದ ಮದ್ಯಸಾರ ಎಂದು ಬರೆದಿರುತ್ತದೆ. 15 ಮಿ.ಲೀ. ಕುಡಿದರೆ ಹೆಚ್ಚೆಂದರೆ 1.2 ಗ್ರಾಂ, ಅಂದರೆ ಸಣ್ಣ ಪೆಗ್ಗಿನ ಎಂಟನೇ ಒಂದು ಭಾಗ. ಖಿನ್ನತೆಯ ಮಾತ್ರೆಯೊಂದೇ ಇದ್ದರೆ ಇದು ದೊಡ್ಡ ಚಿಂತೆಯಲ್ಲ. ಕುಡಿತ ಬಿಡಿಸುವ ಡೈಸಲ್ಫಿರಾಂ ಮಾತ್ರೆ ನಡೆಯುತ್ತಿದ್ದರೆ ಮಾತ್ರ ಇಷ್ಟೂ ಬೇಡ.

ಹಂತ 3: "ಒಂದು ದಿನ ಮಾತ್ರೆ ಬಿಡುತ್ತೇನೆ" ಎಂಬ ಲೆಕ್ಕವನ್ನು ಕೈಬಿಡಿ

ನೋವಿನ ಮಾತ್ರೆಯ ಹಾಗೆ ಇದೂ ನಾಲ್ಕಾರು ಗಂಟೆಯಲ್ಲಿ ಮೈಯಿಂದ ಹೋಗುತ್ತದೆ ಎಂದುಕೊಂಡಿರುವುದೇ ಈ ತಪ್ಪಿನ ಬೇರು. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವನ್ನು ಅರ್ಧಾಯು ಎನ್ನುತ್ತಾರೆ. ಎಸ್ಸಿಟಲೋಪ್ರಾಂಗೆ ಅದು ಸುಮಾರು 30 ಗಂಟೆ, ಸರ್ಟ್ರಲೀನ್‌ಗೆ ಸುಮಾರು 26 ಗಂಟೆ. ಪೂರ್ತಿ ಹೋಗಲು ಇಂಥ ಐದು ಅರ್ಧಾಯುಗಳು ಬೇಕು: ಐದರಿಂದ ಏಳು ದಿನ. ಫ್ಲೂಆಕ್ಸೆಟೀನ್ ಮತ್ತು ಅದರಿಂದ ದೇಹದಲ್ಲಿ ಹುಟ್ಟುವ ಇನ್ನೊಂದು ರಾಸಾಯನಿಕ ಪೂರ್ತಿ ಹೊರಬೀಳಲು ಐದು ವಾರದ ತನಕ ಹಿಡಿಯಬಹುದು. ಕ್ಲೊನಜಪಾಂ ಅರ್ಧಾಯು ಕೂಡ ಒಂದು ದಿನಕ್ಕಿಂತ ಹೆಚ್ಚು. ನಿನ್ನೆ ರಾತ್ರಿ ನುಂಗಿದ್ದು ಇವತ್ತು ಸಂಜೆಯ ಪಾರ್ಟಿಯಲ್ಲೂ ಮೈಯಲ್ಲಿರುತ್ತದೆ. ಬೆಳಿಗ್ಗೆ ಮಾತ್ರೆ, ರಾತ್ರಿ ಎಣ್ಣೆ ಎಂಬ ಹನ್ನೆರಡು ಗಂಟೆಯ ಅಂತರಕ್ಕೆ ಹಾಗಾಗಿ ಅರ್ಥವಿಲ್ಲ.

ವೆನ್ಲಾಫಾಕ್ಸಿನ್, ಪ್ಯಾರಾಕ್ಸೆಟೀನ್ ಬೇಗ ಇಳಿಯುತ್ತವೆ ನಿಜ. ಆದರೆ ಬೇಗ ಇಳಿಯುವುದೇ ಅವುಗಳ ತೊಂದರೆ. ಒಂದೆರಡು ಡೋಸ್ ತಪ್ಪಿದರೂ ತಲೆಸುತ್ತು, ಓಕರಿಕೆ, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಝುಮ್ಮೆನಿಸುವಿಕೆ ಶುರುವಾಗುತ್ತದೆ. ಜನ ಇದನ್ನು ಹ್ಯಾಂಗೋವರ್ ಎಂದೋ, ಕಾಯಿಲೆ ಮರಳಿತೆಂದೋ ತಿಳಿಯುತ್ತಾರೆ.

ಪ್ರತಿ ಶನಿವಾರ, ಭಾನುವಾರ ಮಾತ್ರೆ ಬಿಟ್ಟರೆ ತಿಂಗಳಿಗೆ ಎಂಟು ಡೋಸ್ ಹೋಯಿತು. ಖಿನ್ನತೆಯ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ಣ ಪರಿಣಾಮಕ್ಕೆ ಆರರಿಂದ ಎಂಟು ವಾರ ಬಿಡದೆ ತೆಗೆದುಕೊಳ್ಳಬೇಕು; ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿ. ವಾರವಾರ ಕಿತ್ತು ನೆಟ್ಟ ಗಿಡ ಬೇರೂರುವುದಿಲ್ಲ. ಆಮೇಲೆ "ಈ ಮಾತ್ರೆ ನನಗೆ ಹಿಡಿಯಲಿಲ್ಲ" ಎಂಬ ದೂರು ಬರುತ್ತದೆ, ಕುಡಿತದ ವಿಷಯ ಗೊತ್ತಿಲ್ಲದ ವೈದ್ಯರು ಡೋಸ್ ಏರಿಸುತ್ತಾರೆ.

ಹಂತ 4: ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿ

ನೋಟ್‌ಬುಕ್ ಒಯ್ಯಿರಿ. ಮಾತು ಹೊರಡದಿದ್ದರೆ ಅದನ್ನೇ ಮುಂದಿಡಿ. ಮನೆಯವರ ಎದುರು ಹೇಳಲಾಗದಿದ್ದರೆ "ಡಾಕ್ಟ್ರೇ, ಎರಡು ನಿಮಿಷ ಒಬ್ಬನೇ ಮಾತಾಡಬೇಕು" ಎನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು ನಿಮ್ಮ ಹಕ್ಕು. ಹೆಂಗಸರು ಈ ವಿಷಯವನ್ನು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ. ದೇಹದಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಅಷ್ಟೇ ಅಳತೆಗೆ ಅವರ ರಕ್ತದಲ್ಲಿ ಮದ್ಯ ಹೆಚ್ಚು ಏರುತ್ತದೆ. ಆದ್ದರಿಂದ ವೈದ್ಯರಿಗೆ ತಿಳಿದಿರುವುದು ಅವರಿಗೆ ಇನ್ನೂ ಮುಖ್ಯ.

ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

- ನನ್ನ ಮಾತ್ರೆಯಲ್ಲಿ ನಿದ್ದೆ ಬರಿಸುವ ಅಂಶ ಇದೆಯೇ? ಅದು ಎಷ್ಟು ದಿನ ಬೇಕು?
- ಒಂದು ವೇಳೆ ಕುಡಿದುಬಿಟ್ಟರೆ ಆ ರಾತ್ರಿಯ ಮಾತ್ರೆ ನುಂಗಲೇ, ಬಿಡಲೇ?
- ಲಿವರ್ ಪರೀಕ್ಷೆ ಮಾಡಿಸಬೇಕೇ? ಇಸಿಜಿ ಬೇಕೇ?
- ತಲೆನೋವಿಗೆ ನಾನು ಯಾವ ಮಾತ್ರೆ ತೆಗೆದುಕೊಳ್ಳಬಹುದು?

ಎರಡನೆಯ ಪ್ರಶ್ನೆಯ ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ. ಲಿವರ್ ಪರೀಕ್ಷೆಯ ವರದಿಯಲ್ಲಿ ಎಸ್‌ಜಿಓಟಿ, ಎಸ್‌ಜಿಪಿಟಿ, ಜಿಜಿಟಿ ಎಂಬ ಅಂಕಿಗಳಿರುತ್ತವೆ. ಕುಡಿತದಿಂದಾದ ಪೆಟ್ಟಿನಲ್ಲಿ ಎಸ್‌ಜಿಓಟಿ ಸಾಮಾನ್ಯವಾಗಿ ಎಸ್‌ಜಿಪಿಟಿಗಿಂತ ಹೆಚ್ಚಿರುತ್ತದೆ, ಜಿಜಿಟಿ ಏರಿರುತ್ತದೆ. ವರದಿ ನೋಡಿ ನೀವೇ ತೀರ್ಮಾನಿಸಬೇಡಿ, ತೋರಿಸಿ ಕೇಳಿ.

ಮಂಪರಿನ ಮಾತ್ರೆ ಇಲ್ಲದ, ಕಾಯಿಲೆ ಹತೋಟಿಗೆ ಬಂದ, ಲಿವರ್ ಚೆನ್ನಾಗಿರುವ, ಕುಡಿತದ ಚಟವಿಲ್ಲದ ಕೆಲವರಿಗೆ ವೈದ್ಯರು ಅಪರೂಪಕ್ಕೆ ಒಂದು ಸಣ್ಣ ಪೆಗ್‌ಗೆ ಒಪ್ಪುವುದುಂಟು. ಆ ಒಪ್ಪಿಗೆ ಆ ರೋಗಿಗೆ ಮಾತ್ರ. ಮಾತ್ರೆ ಶುರುವಾದ ಅಥವಾ ಡೋಸ್ ಬದಲಾದ ಮೊದಲ ವಾರಗಳಿಗೆ ಅದು ಅನ್ವಯಿಸದು. ಪಕ್ಕದ ಮನೆಯವರಿಗೆ ಅವರ ಡಾಕ್ಟರು ಹೇಳಿದ್ದನ್ನು ನಿಮ್ಮ ಮಾತ್ರೆಗೆ ಹೊಂದಿಸಿಕೊಳ್ಳಬೇಡಿ. ಒಪ್ಪಿಗೆ ಸಿಕ್ಕವರು ಊಟದ ಜೊತೆ, ನಂಬಿಕಸ್ಥರ ಜೊತೆ, ಆ ಒಂದಕ್ಕೇ ನಿಲ್ಲಿಸಬೇಕು. ಒಬ್ಬರೇ ಕೂತು, ಬೇಜಾರಾಗಿದೆಯೆಂದು, ನಿದ್ದೆ ಬರಲೆಂದು ಕುಡಿಯುವುದು ಆ ಒಪ್ಪಿಗೆಯ ಒಳಗೆ ಬರುವುದಿಲ್ಲ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆಯನ್ನು ಒಡೆಯುತ್ತದೆ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎದೆ ಹೊಡೆದುಕೊಳ್ಳುತ್ತ ಎಚ್ಚರವಾಗುತ್ತದೆ.

ಹಂತ 5: ದಿನವೂ ಕುಡಿಯುವವರು ಇಲ್ಲಿ ನಿಲ್ಲಿ

ಬೆಳಿಗ್ಗೆ ಕೈ ನಡುಗುತ್ತದೆಯೇ? ಕುಡಿಯದಿದ್ದರೆ ಬೆವರು, ಚಡಪಡಿಕೆ, ಓಕರಿಕೆ ಬರುತ್ತದೆಯೇ? ಒಂದು ಗುಟುಕು ಹಾಕಿದರೆ ಅವೆಲ್ಲ ಇಳಿಯುತ್ತವೆಯೇ? ಹೌದಾದರೆ ನಿಮ್ಮ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಥಟ್ಟನೆ ನಿಲ್ಲಿಸಿದರೆ ಆರರಿಂದ 24 ಗಂಟೆಯೊಳಗೆ ನಡುಕ, 48 ಗಂಟೆಯೊಳಗೆ ಫಿಟ್ಸ್, ಎರಡರಿಂದ ನಾಲ್ಕನೆಯ ದಿನಕ್ಕೆ ಭ್ರಮೆ, ದಿಕ್ಕು ತಪ್ಪಿದ ಮಾತು, ಜ್ವರ ಬರಬಹುದು. ಈ ಕೊನೆಯದನ್ನು ಡಿಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಮನೆಯವರು ಇದನ್ನು ದೆವ್ವ ಮೆಟ್ಟಿತೆಂದು ಮಂತ್ರವಾದಿಯ ಬಳಿ ಒಯ್ದು ಅಮೂಲ್ಯ ಗಂಟೆಗಳನ್ನು ಕಳೆದುಕೊಳ್ಳಬಾರದು. ದೇವರಿಗೆ ಮುಡಿಪು ಕಟ್ಟಿ, ಮಾಲೆ ಹಾಕಿ ಒಮ್ಮೆಲೇ ಬಿಡುವವರಿಗೂ ಇದೇ ಅಪಾಯವಿದೆ. ಸಂಕಲ್ಪ ಒಳ್ಳೆಯದೇ, ವೈದ್ಯರನ್ನು ಕಂಡ ಮೇಲೆ ಮಾಲೆ ಹಾಕಿ.

ಆಸ್ಪತ್ರೆಯಲ್ಲಿ ಕೆಲವು ದಿನ ಔಷಧ ಕೊಟ್ಟು, ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಟ್ಟು, ಕುಡಿತವನ್ನು ಸುರಕ್ಷಿತವಾಗಿ ಇಳಿಸುತ್ತಾರೆ. ಬಿ1 ಕೊರತೆ ನೆನಪಿನ ಶಕ್ತಿಯನ್ನೇ ಶಾಶ್ವತವಾಗಿ ಕೆಡಿಸಬಲ್ಲದು, ಆದ್ದರಿಂದ ಅದನ್ನು ಬರೀ ಟಾನಿಕ್ ಎಂದು ಕಡೆಗಣಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ.

ಇನ್ನೊಂದು ವಿಷಯ ಹಲವರಿಗೆ ಆಶ್ಚರ್ಯ ತರುತ್ತದೆ. ಕುಡಿತವೇ ಖಿನ್ನತೆಯನ್ನು ಹುಟ್ಟಿಸಬಲ್ಲದು. ಅಂಥ ಖಿನ್ನತೆ ಪೂರ್ತಿ ಕುಡಿತ ಬಿಟ್ಟ ಸುಮಾರು ಒಂದು ತಿಂಗಳಲ್ಲಿ ತಾನಾಗಿ ಬಹಳ ಮಟ್ಟಿಗೆ ಇಳಿಯುತ್ತದೆ. ನಿಮ್ಮದು ಯಾವ ಬಗೆ ಎಂದು ವೈದ್ಯರು ತಿಳಿಯಬೇಕಾದರೂ ಕುಡಿತದ ನಿಜವಾದ ಲೆಕ್ಕ ಅವರಿಗೆ ಬೇಕು.

ಮನೆಯವರಿಗೊಂದು ಕಳಕಳಿಯ ಮಾತು. ಸಾರಿನಲ್ಲೋ ಕಾಫಿಯಲ್ಲೋ "ಕುಡಿತ ಬಿಡಿಸುವ ಪುಡಿ" ಗುಟ್ಟಾಗಿ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಂ ಇದ್ದರೆ, ತಿಳಿಯದೆ ಕುಡಿದವರ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು, ಹೃದಯಕ್ಕೇ ಅಪಾಯವಾಗಬಹುದು. ಆ ಔಷಧವನ್ನು ರೋಗಿಯ ಒಪ್ಪಿಗೆ ಪಡೆದು, ಎಲ್ಲ ವಿವರಿಸಿ, ಪರೀಕ್ಷೆ ಮಾಡಿಸಿ ಮಾತ್ರ ಕೊಡುವುದು.

ಹಂತ 6: ಕೂಟಕ್ಕೆ ಹೋಗುವ ಮುಂಚೆ ತಯಾರಾಗಿ

ಬೀಗರ ಊಟ, ಹೊಸತೊಡಕು, ಊರಹಬ್ಬ, ಆಫೀಸಿನ ಪಾರ್ಟಿ ಇವುಗಳಲ್ಲಿ ಬೇಡವೆನ್ನುವುದೇ ಕಷ್ಟ. ಕಾರಣ ಹೇಳುವ ಹಂಗು ನಿಮಗಿಲ್ಲ. ಒತ್ತಾಯ ಹೆಚ್ಚಿದರೆ "ಔಷಧ ನಡೀತಿದೆ, ಡಾಕ್ಟ್ರು ಬೇಡ ಅಂದಿದಾರೆ" ಎಂದರೆ ಮುಗಿಯಿತು. ಅದು ಸುಳ್ಳೂ ಅಲ್ಲ, ಯಾವ ಔಷಧವೆಂದು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಹೊಟ್ಟೆ ತುಂಬಿಸಿಕೊಂಡು ಹೋಗಿ. ತಲುಪಿದ ಕೂಡಲೇ ಕೈಯಲ್ಲಿ ಸೋಡಾ, ಮಜ್ಜಿಗೆ, ನಿಂಬೆ ಶರಬತ್ತು ಏನಾದರೂ ಹಿಡಿಯಿರಿ. ಕೈ ಖಾಲಿ ಇದ್ದರೆ ಯಾರೋ ಒಬ್ಬರು ಲೋಟ ತುಂಬಿಸಿಕೊಡುತ್ತಾರೆ. ತಂಪು ಪಾನೀಯಕ್ಕೆ ತಮಾಷೆಗೆಂದು ಮದ್ಯ ಬೆರೆಸುವವರಿದ್ದಾರೆ, ಬಾಟಲಿಯನ್ನು ನೀವೇ ತೆರೆಯಿರಿ. ವಿಷಯ ಗೊತ್ತಿರುವ ಒಬ್ಬರು ಜೊತೆಗಿದ್ದರೆ ಅರ್ಧ ಭಾರ ಇಳಿದಂತೆ.

ಗಾಡಿಯ ಕೀಲಿ ಬೇರೆಯವರಿಗೆ ಕೊಡಿ. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ. ಪೊಲೀಸರು ಊದಿಸುವ ಯಂತ್ರ ಮದ್ಯವನ್ನಷ್ಟೇ ಅಳೆಯುತ್ತದೆ, ಮಾತ್ರೆಯ ಮಂಪರನ್ನಲ್ಲ. ಮಿತಿಯೊಳಗೆ ಇದ್ದೂ ತೂಕಡಿಸಬಹುದು.

ಹಂತ 7: ಕುಡಿದೇ ಬಿಟ್ಟಿದ್ದರೆ

ಗಾಬರಿಯಾಗಬೇಡಿ, ಮುಚ್ಚಿಡಲೂಬೇಡಿ. ಅಲ್ಲಿಗೆ ನಿಲ್ಲಿಸಿ, ನೀರು ಕುಡಿಯಿರಿ, ಊಟ ಮಾಡಿ. ಒಂದು ಯೂನಿಟ್ ಕರಗಲು ದೇಹಕ್ಕೆ ಒಂದು ಗಂಟೆ ಅಥವಾ ಇನ್ನೂ ಹೆಚ್ಚು ಬೇಕು. ಕ್ವಾರ್ಟರ್ ಕುಡಿದಿದ್ದರೆ ಆರೇಳು ಗಂಟೆಯಾದರೂ ಮದ್ಯ ಮೈಯಲ್ಲಿರುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಇದನ್ನು ಬೇಗ ಇಳಿಸುವುದಿಲ್ಲ.

ಎಸ್‌ಎಸ್‌ಆರ್‌ಐ ಗುಂಪಿನ ಒಂಟಿ ಮಾತ್ರೆಯಾದರೆ ಮುಂದಿನ ಡೋಸನ್ನು ಎಂದಿನ ಹೊತ್ತಿಗೇ ತೆಗೆದುಕೊಳ್ಳಿ. ಕ್ಲೊನಜಪಾಂನಂಥದ್ದು ಸೇರಿದ್ದರೆ, ಅಥವಾ ಅಮಿಟ್ರಿಪ್ಟಿಲೀನ್, ಮಿರ್ಟಾಜಪೀನ್‌ನಂಥ ಮಂಪರಿನ ಮಾತ್ರೆಯಾದರೆ, ಕುಡಿದ ಮೇಲೆ ಅದನ್ನು ನುಂಗಬೇಡಿ. ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟ ಸೂಚನೆ ನೋಡಿ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಕೇಳುವ ದಾರಿಯೇ ಇಲ್ಲದಿದ್ದರೆ ಆ ಒಂದು ರಾತ್ರಿಯದು ಬಿಟ್ಟು ಮರುದಿನ ಎಂದಿನಂತೆ ಮುಂದುವರಿಸಿ. ತಪ್ಪಿದ್ದಕ್ಕೆ ಸರಿಯಾಗಿ ಎರಡು ಮಾತ್ರೆ ಒಟ್ಟಿಗೆ ನುಂಗಬಾರದು.

ಬೆಳಿಗ್ಗೆ ತಲೆನೋವಿದ್ದರೆ ನೀರು, ಗಂಜಿ, ವಿಶ್ರಾಂತಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಹೆಚ್ಚು ಕುಡಿಯುವವರಿಗೆ ಪ್ಯಾರಸಿಟಮಾಲ್ ಕೂಡ ಲಿವರಿಗೆ ಭಾರ, ಕೇಳದೆ ನುಂಗಬೇಡಿ. ಆ ದಿನವೂ ನೋಟ್‌ಬುಕ್ ಬರೆಯಿರಿ.

ಹಂತ 8: ಮನೆಯವರು ಈ ಗುರುತುಗಳನ್ನು ತಿಳಿದಿರಲಿ

ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಅಥವಾ ನಡುನಡುವೆ ನಿಂತು ಬರುತ್ತಿದೆ, ತುಟಿ ಉಗುರು ನೀಲಿ, ಫಿಟ್ಸ್, ಎದೆ ಬಡಿತ ತಾಳತಪ್ಪಿ ಕುಸಿದು ಬಿದ್ದಿದ್ದಾರೆ, ವಾಂತಿಯಲ್ಲಿ ರಕ್ತ, ಮಲ ಡಾಂಬರಿನಂತೆ ಕಪ್ಪು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. "ನಿದ್ದೆ ಮಾಡಲಿ ಬಿಡು, ಬೆಳಿಗ್ಗೆ ಸರಿಹೋಗುತ್ತಾನೆ" ಎಂದು ಮಲಗಿಸಿ ಬಾಗಿಲು ಹಾಕುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು. ಎಡಮಗ್ಗುಲಿಗೆ ಹೊರಳಿಸಿ, ಬಾಯಿ ನೆಲದ ಕಡೆಗೆ ಇರುವಂತೆ ಮಲಗಿಸಿ, ಪಕ್ಕದಲ್ಲೇ ಇರಿ. ವಾಂತಿ ಮಾಡಿಸಲು ಬಾಯಿಗೆ ಬೆರಳು ಹಾಕುವುದು, ಉಪ್ಪುನೀರು, ನಿಂಬೆರಸ ಕುಡಿಸುವುದು ಬೇಡ.

ಮದ್ಯ ಏರಿದಾಗ ಮನಸ್ಸಿನ ಕಡಿವಾಣ ಸಡಿಲವಾಗುತ್ತದೆ. ಬದುಕು ಸಾಕೆಂಬ ಮಾತು ಕುಡಿದಾಗ ಬಂದರೆ ಅಮಲಿನ ಬಡಬಡಿಕೆ ಎಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ, ಬೈಯಬೇಡಿ, ಕೂತು ಕೇಳಿ. ಮಾತ್ರೆಗಳನ್ನು ಮನೆಯ ಇನ್ನೊಬ್ಬರು ಬೀಗದಲ್ಲಿಟ್ಟು ಒಂದು ವಾರದ್ದನ್ನಷ್ಟೇ ಕೊಡುವುದು ಒಳ್ಳೆಯದು. ವೈದ್ಯರಿಗೆ ಹೇಳಿದರೆ ಅವರೂ ಕಡಿಮೆ ದಿನಗಳಿಗೇ ಬರೆದುಕೊಡುತ್ತಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕುಡಿತ ಬಿಡುವ ಸಲಹೆಗೆ 14446 ಇದೆ. ಎರಡನ್ನೂ ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ಆಸ್ಪತ್ರೆಗೆ ಹೊರಡುವಾಗ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಕುಡಿದದ್ದು ಏನು, ಎಷ್ಟು, ಎಷ್ಟು ಹೊತ್ತಿಗೆ ಎಂಬುದನ್ನು ಚೀಟಿಯಲ್ಲಿ ಬರೆದು ಅದೇ ಚೀಲಕ್ಕೆ ಸೇರಿಸಿ, ತುರ್ತು ವಿಭಾಗದ ಬಾಗಿಲಲ್ಲೇ ಡ್ಯೂಟಿ ಡಾಕ್ಟರ ಕೈಗೆ ಕೊಡಿ.